ಮೆಲ್ಬರ್ನ್‌ನ ಹಾಜರಿ, ಆಳಂದದ ಲಗ್ನ

ಪ್ರಶ್ನೆ: ನನ್ನ ಮಗ ಕಲಬುರಗಿಯಲ್ಲಿ ಎಂಜಿನಿಯರಿಂಗ್ ಮುಗಿಸಿ, ಸ್ನಾತಕೋತ್ತರ ಪದವಿಗಾಗಿ ಆಸ್ಟ್ರೇಲಿಯಾದ ಮೆಲ್ಬರ್ನ್‌ಗೆ ಹೋಗಿದ್ದಾನೆ. ಇಂಗ್ಲಿಷ್ ಪರೀಕ್ಷೆಯಲ್ಲಿ ಅಂಕ ಸ್ವಲ್ಪ ಕಡಿಮೆ ಬಂದುದರಿಂದ, ಮೊದಲು 20 ವಾರಗಳ ಇಂಗ್ಲಿಷ್ ಕೋರ್ಸು ಮುಗಿಸಬೇಕೆಂಬ ಷರತ್ತಿನ ಮೇಲೆ ಪ್ರವೇಶ ಸಿಕ್ಕಿದೆ. ವೀಸಾ ತಡವಾಗಿ ಬಂದ ಕಾರಣ ಮೊದಲ ವಾರದ ತರಗತಿಗಳು ತಪ್ಪಿದವು. ಆಮೇಲೆ ಜ್ವರ ಬಂದು 18 ಗಂಟೆಗಳ ಪಾಠ ತಪ್ಪಿತು. ಈಗ ಆರು ವಾರ ಮುಗಿದಿವೆ. ಹಾಜರಿ ಶೇ. 68ಕ್ಕೆ ಇಳಿದಿದೆ ಎಂದು ಕಾಲೇಜಿನಿಂದ ಎಚ್ಚರಿಕೆ ಬಂದಿದೆ. ಮುಂದಿನ ತಿಂಗಳು ಆಳಂದದಲ್ಲಿ ಹಿರಿಯ ಮಗಳ ಲಗ್ನ. ಇರುವ ಒಬ್ಬನೇ ತಮ್ಮ ಬಾರದಿದ್ದರೆ ಹೇಗೆ? ಎರಡು ವಾರ ಊರಿಗೆ ಬಂದುಹೋಗಬಹುದೇ? ಇಲ್ಲಿಯ ವೈದ್ಯರಿಂದ ಪ್ರಮಾಣಪತ್ರ ಪಡೆದು ಕಳಿಸಿದರೆ ಹಾಜರಿ ಸರಿಹೋಗುತ್ತದೆಯೇ? ಕಿರಿಯ ಮಗಳೂ ಮುಂದೆ ಇಂಗ್ಲಿಷ್ ಕಲಿಯಲು ಅಮೆರಿಕಕ್ಕೋ ಐರ್ಲೆಂಡಿಗೋ ಹೋಗುವ ವಿಚಾರದಲ್ಲಿದ್ದಾಳೆ. ಅಲ್ಲಿಯೂ ಇದೇ ನಿಯಮವೇ?
— ಒಬ್ಬ ತಂದೆ, ಆಳಂದ ತಾಲ್ಲೂಕು

ಉತ್ತರ: ನಿಮ್ಮ ಮಗ ಅಕ್ಕನ ಲಗ್ನಕ್ಕೆ ಬರಬಹುದು. ಆದರೆ ಎರಡು ವಾರಕ್ಕಲ್ಲ, ಒಂದೇ ವಾರಕ್ಕೆ. ಇಲ್ಲಿಯ ವೈದ್ಯರ ಪ್ರಮಾಣಪತ್ರದ ವಿಚಾರವನ್ನು ದಯವಿಟ್ಟು ಇಂದೇ ಕೈಬಿಡಿ. ಅದರಿಂದ ಹಾಜರಿ ಒಂದು ಗಂಟೆಯಷ್ಟೂ ಏರುವುದಿಲ್ಲ, ಬದಲಿಗೆ ಈಗ ಇಲ್ಲದಿರುವ ದೊಡ್ಡ ಅಪಾಯವೊಂದು ಹುಟ್ಟಿಕೊಳ್ಳುತ್ತದೆ. ಹೀಗೇಕೆ ಹೇಳುತ್ತಿದ್ದೇನೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ನಮ್ಮ ಭಾಗದ ಅನೇಕ ತಂದೆತಾಯಿಗಳು ಈ ವಿಷಯದಲ್ಲಿ ನಿಮ್ಮಂತೆಯೇ ಯೋಚಿಸುತ್ತಾರೆ, ಮತ್ತು ಹಾಗೆ ಯೋಚಿಸುವುದಕ್ಕೆ ಕಾರಣವೂ ಇದೆ.

ಕಲಬುರಗಿ, ಬೀದರ್, ಯಾದಗಿರಿಯ ಕಾಲೇಜುಗಳಲ್ಲಿ ಓದಿದವರಿಗೆ ಹಾಜರಿ ಎಂದರೆ ಪರೀಕ್ಷೆಗೆ ಕೂರುವ ಅರ್ಹತೆ. ಸಾಮಾನ್ಯವಾಗಿ ಶೇ. 75 ಇರಬೇಕು ಎಂಬುದು ಎಲ್ಲರಿಗೂ ಗೊತ್ತು. ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಕಡಿಮೆ ಹಾಜರಿಯವರ ಪಟ್ಟಿ ನೋಟಿಸ್ ಬೋರ್ಡಿಗೆ ಬರುತ್ತದೆ, ಹೆಸರಿದ್ದವರು ಪ್ರಾಂಶುಪಾಲರ ಕೋಣೆಯ ಮುಂದೆ ನಿಲ್ಲುತ್ತಾರೆ, ವೈದ್ಯಕೀಯ ಪ್ರಮಾಣಪತ್ರ ಕೊಟ್ಟು ವಿನಾಯಿತಿ ಕೇಳುತ್ತಾರೆ. ಸಿಗದಿದ್ದರೆ ಆರು ತಿಂಗಳು ಹೋಗಬಹುದು, ಅಷ್ಟೇ. ಮನೆಯಲ್ಲಿರುವ ಹಕ್ಕನ್ನಂತೂ ಯಾರೂ ಕಸಿದುಕೊಳ್ಳುವುದಿಲ್ಲ. ವಿದೇಶದಲ್ಲಿ ಇಂಗ್ಲಿಷ್ ಕಲಿಯುವ ವಿದ್ಯಾರ್ಥಿಗೆ ಹಾಜರಿಯ ಅರ್ಥವೇ ಬೇರೆ. ಆತ ಆ ದೇಶದಲ್ಲಿ ಉಳಿದಿರುವುದು ತರಗತಿಗೆ ಹೋಗುತ್ತೇನೆಂಬ ಒಪ್ಪಿಗೆಯ ಮೇಲೆ. ಹಾಜರಿ ಪುಸ್ತಕವೇ ಆ ಒಪ್ಪಿಗೆಯ ಸಾಕ್ಷಿ. ಆದ್ದರಿಂದ ಅಲ್ಲಿ ಲೆಕ್ಕವನ್ನು ಕೊನೆಯಲ್ಲಿ ಹಾಕುವುದಿಲ್ಲ, ಮೊದಲ ದಿನದಿಂದಲೇ ಹಾಕುತ್ತಾ ಹೋಗುತ್ತಾರೆ.

ಆಸ್ಟ್ರೇಲಿಯಾದ ನಿಯಮಗಳನ್ನು ನೋಡೋಣ. ನಿಮ್ಮ ಮಗನ ಬಳಿ ಇರುವುದು 500ನೇ ಉಪವರ್ಗದ ವಿದ್ಯಾರ್ಥಿ ವೀಸಾ. ಅದಕ್ಕೆ ಅಂಟಿಕೊಂಡಿರುವ 8202ನೇ ಷರತ್ತಿನ ಪ್ರಕಾರ, ವಿದ್ಯಾರ್ಥಿ ನೋಂದಾಯಿತ ಕೋರ್ಸಿನಲ್ಲಿ ಮುಂದುವರಿಯಬೇಕು, ಜೊತೆಗೆ ಆತನ ಹಾಜರಿ ಮತ್ತು ಓದಿನ ಪ್ರಗತಿ ತೃಪ್ತಿಕರವಾಗಿರಬೇಕು. ತೃಪ್ತಿಕರ ಎಂದರೆ ಎಷ್ಟು ಎಂಬುದನ್ನು ‘ನ್ಯಾಷನಲ್ ಕೋಡ್ 2018’ ಎಂಬ ನಿಯಮಾವಳಿ ಹೇಳುತ್ತದೆ. ವಿದೇಶಿಯರಿಗಾಗಿ ನಡೆಸುವ ಇಂಗ್ಲಿಷ್ ಕೋರ್ಸುಗಳಿಗೆ ಅಲ್ಲಿ ‘ಎಲಿಕೋಸ್’ ಎನ್ನುತ್ತಾರೆ. ಎಲಿಕೋಸ್‌ನಲ್ಲಿ ವಾರಕ್ಕೆ ಕನಿಷ್ಠ 20 ಗಂಟೆಗಳ ಮುಖಾಮುಖಿ ಪಾಠ ಇರಬೇಕು, ಮತ್ತು ನಿಗದಿಯಾದ ಗಂಟೆಗಳಲ್ಲಿ ಕನಿಷ್ಠ ಶೇ. 80ರಷ್ಟಕ್ಕೆ ವಿದ್ಯಾರ್ಥಿ ಹಾಜರಿರಬೇಕು. ಇಲ್ಲಿ ಎಣಿಸುವುದು ದಿನಗಳನ್ನಲ್ಲ, ಗಂಟೆಗಳನ್ನು ಎಂಬುದನ್ನು ಗಮನಿಸಬೇಕು. ಬೆಳಿಗ್ಗೆ ಬಂದು ಮಧ್ಯಾಹ್ನ ಹೊರಟುಹೋದರೆ ಆ ದಿನ ಪೂರ್ತಿ ಹಾಜರಾದಂತೆ ಆಗುವುದಿಲ್ಲ. ತಡವಾಗಿ ಒಳಗೆ ಬಂದರೆ ಆ ಅವಧಿಯನ್ನೇ ಗೈರೆಂದು ಬರೆದುಕೊಳ್ಳುವ ಕಾಲೇಜುಗಳೂ ಇವೆ. ಇದು ಆಯಾ ಕಾಲೇಜಿನ ನಿಯಮವಾದುದರಿಂದ ಆತ ಅದನ್ನು ಓದಿ ತಿಳಿದುಕೊಳ್ಳಬೇಕು.

ಇನ್ನೊಂದು ಮಾತನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಇಷ್ಟು ಬಿಗಿಯಾದ ಎಣಿಕೆ ಆತನ ಇಡೀ ಓದಿಗೆ ಅಂಟಿಕೊಂಡಿರುವುದಿಲ್ಲ. ಸ್ನಾತಕೋತ್ತರ ಕೋರ್ಸಿಗೆ ಸೇರಿದ ಮೇಲೆ ಆ ನಿಯಮಾವಳಿ ವಿಶ್ವವಿದ್ಯಾಲಯದಿಂದ ಮುಖ್ಯವಾಗಿ ಕೇಳುವುದು ಓದಿನ ಪ್ರಗತಿಯ ಲೆಕ್ಕವನ್ನು. ಇಂಗ್ಲಿಷ್ ಕೋರ್ಸಿಗೆ ಮಾತ್ರ ಗಂಟೆಗಳ ಮೇಲೆ ಇಷ್ಟು ಒತ್ತು ಏಕೆ ಎಂದು ಮಕ್ಕಳು ಬೇಸರಪಡುತ್ತಾರೆ. ಗಣಿತವನ್ನೋ ಕಾನೂನನ್ನೋ ತಪ್ಪಿದ ಪಾಠದ ಟಿಪ್ಪಣಿ ತರಿಸಿಕೊಂಡು ಓದಬಹುದು. ಭಾಷೆ ಹಾಗಲ್ಲ. ಬೇರೆ ಬೇರೆ ದೇಶಗಳಿಂದ ಬಂದ ಹದಿನೈದು ಜನ ಒಂದು ಕೋಣೆಯಲ್ಲಿ ಕುಳಿತು, ಒಬ್ಬರ ಉಚ್ಚಾರ ಇನ್ನೊಬ್ಬರಿಗೆ ಅರ್ಥವಾಗದೆ, ಮತ್ತೆ ಕೇಳಿ, ಮತ್ತೆ ಹೇಳಿ ಕಲಿಯುವುದು ಆ ಕೋಣೆಯಲ್ಲಿ ಮಾತ್ರ ನಡೆಯುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿ, ಇಂಗ್ಲಿಷನ್ನು ಪುಸ್ತಕದಿಂದಲೇ ಕಲಿತ ನಮ್ಮ ಭಾಗದ ಹುಡುಗ ಹುಡುಗಿಯರಿಗೆ ಬೇಕಾಗಿರುವುದೂ ಆ ಬಾಯಿಮಾತಿನ ಅಭ್ಯಾಸವೇ. ಹಾಗಾಗಿ ಈ ನಿಯಮವನ್ನು ಶಿಕ್ಷೆಯೆಂದು ನಾನು ಎಂದೂ ಭಾವಿಸಿಲ್ಲ.

ಈಗ ನಿಮ್ಮ ಮಗನ ಲೆಕ್ಕಕ್ಕೆ ಬರೋಣ. ವಾರಕ್ಕೆ 20 ಗಂಟೆಯಂತೆ 20 ವಾರಕ್ಕೆ ಒಟ್ಟು 400 ಗಂಟೆ. ಅದರಲ್ಲಿ ಶೇ. 80 ಎಂದರೆ 320 ಗಂಟೆ ಹಾಜರಿರಬೇಕು. ಇಡೀ ಕೋರ್ಸಿನಲ್ಲಿ ತಪ್ಪಿಸಬಹುದಾದದ್ದು ಹೆಚ್ಚೆಂದರೆ 80 ಗಂಟೆ. ಮೊದಲ ವಾರದ 20 ಗಂಟೆ, ಜ್ವರದ 18 ಗಂಟೆ ಸೇರಿ ಈಗಾಗಲೇ 38 ಗಂಟೆ ಹೋಗಿವೆ. ಆರು ವಾರಕ್ಕೆ 120 ಗಂಟೆಗಳ ಪಾಠ ನಡೆದಿದ್ದು, ಆತ ಹಾಜರಿದ್ದದ್ದು 82 ಗಂಟೆ. ಕಾಲೇಜಿನ ಪತ್ರದಲ್ಲಿರುವ ಶೇ. 68 ಬಂದಿರುವುದು ಇಲ್ಲಿಂದ. ಇದು ಇಂದಿನವರೆಗಿನ ಹಾಜರಿ. ಇದಲ್ಲದೆ ಇನ್ನೊಂದು ಅಂಕಿಯಿದೆ: ಇಂದಿನಿಂದ ಒಂದು ಗಂಟೆಯನ್ನೂ ತಪ್ಪಿಸದಿದ್ದರೆ ಕೋರ್ಸಿನ ಕೊನೆಗೆ ಹಾಜರಿ ಎಷ್ಟಾಗುತ್ತದೆ ಎಂಬುದು. ಅದು 400ರಲ್ಲಿ 362, ಅಂದರೆ ಶೇ. 90.5. ಆದ್ದರಿಂದ ಶೇ. 68 ನೋಡಿ ಮನೆಮಂದಿಯೆಲ್ಲ ಗಾಬರಿಪಡುವ ಅಗತ್ಯವಿಲ್ಲ. ಆತ ಇನ್ನೂ ಗೆರೆ ದಾಟಿಲ್ಲ, ಗೆರೆಯ ಕಡೆ ಸಾಗುತ್ತಿದ್ದಾನೆ ಎಂದು ಕಾಲೇಜು ಎಚ್ಚರಿಸಿದೆ. ಹಾಗೆ ಮುಂಚಿತವಾಗಿ ಎಚ್ಚರಿಸಿ, ವಿದ್ಯಾರ್ಥಿಯನ್ನು ಕರೆದು ಮಾತನಾಡಿಸಿ, ನೆರವು ನೀಡುವುದು ನಿಯಮಾವಳಿಯ ಪ್ರಕಾರ ಕಾಲೇಜಿನ ಕರ್ತವ್ಯ. ಕರೆದಾಗ ಆತ ತಪ್ಪದೆ ಹೋಗಬೇಕು. ಹುಮನಾಬಾದ್ ಕಡೆಯ ಒಬ್ಬ ವಿದ್ಯಾರ್ಥಿ ಇಂತಹ ಮೊದಲ ಪತ್ರಕ್ಕೆ ಹೆದರಿ, ಮನೆಗೂ ತಿಳಿಸದೆ, ಕಾಲೇಜಿಗೂ ಉತ್ತರಿಸದೆ, ಮುಖ ತೋರಿಸಲು ನಾಚಿಕೆಯೆಂದು ಮತ್ತಷ್ಟು ತರಗತಿಗಳನ್ನು ತಪ್ಪಿಸಿದ್ದನ್ನು ನಾನು ಕಂಡಿದ್ದೇನೆ. ಅಲ್ಪಸ್ವಲ್ಪದಲ್ಲಿ ಮುಗಿಯಬಹುದಾಗಿದ್ದ ಸಂಗತಿ ಆ ಮೌನದಿಂದಲೇ ಕೈಮೀರಿತು. ನಿಮ್ಮ ಮಗ ನಿಮಗೆ ಪತ್ರದ ವಿಷಯ ತಿಳಿಸಿದ್ದಾನೆ ಎಂಬುದು ನನಗೆ ನಿಜಕ್ಕೂ ಸಮಾಧಾನ ತಂದಿದೆ. ದಯವಿಟ್ಟು ಆತನನ್ನು ಗದರಿಸಬೇಡಿ.

ಎರಡು ವಾರ ಊರಿಗೆ ಬಂದರೆ ಇನ್ನೂ 40 ಗಂಟೆ ಹೋಗುತ್ತವೆ. 38ಕ್ಕೆ 40 ಸೇರಿ 78. ಹಾಜರಿ ಶೇ. 80.5ಕ್ಕೆ ನಿಲ್ಲುತ್ತದೆ. ಕಾಗದದ ಮೇಲೆ ಇದು ಪಾಸಾದಂತೆಯೇ ಕಾಣುತ್ತದೆ. ಆದರೆ ಆತನ ಕೈಯಲ್ಲಿ ಉಳಿಯುವುದು ಎರಡೇ ಎರಡು ಗಂಟೆ. ಆಮೇಲೆ ಕೋರ್ಸು ಮುಗಿಯುವವರೆಗೆ ಒಂದು ದಿನ ನೆಗಡಿ ಜ್ವರ ಬಂದು ನಾಲ್ಕು ಗಂಟೆ ತಪ್ಪಿದರೂ ಹಾಜರಿ ಶೇ. 79.5ಕ್ಕೆ ಇಳಿದು, ಗೆರೆ ದಾಟಿದಂತಾಗುತ್ತದೆ. ಮರಳುವ ವಿಮಾನ ಒಂದು ದಿನ ತಡವಾದರೂ ಅದೇ ಗತಿ. ಹೀಗೆ ಕತ್ತಿಯ ಅಂಚಿನ ಮೇಲೆ ನಡೆಯಬೇಕೆಂದು ನಾನು ಯಾವ ವಿದ್ಯಾರ್ಥಿಗೂ ಹೇಳಲಾರೆ.

ವೈದ್ಯಕೀಯ ಪ್ರಮಾಣಪತ್ರದ ವಿಷಯ ಅತ್ಯಂತ ಮುಖ್ಯವಾದುದು, ಮತ್ತು ಅತ್ಯಂತ ಹೆಚ್ಚು ತಪ್ಪುಕಲ್ಪನೆ ಇರುವುದೂ ಇಲ್ಲಿಯೇ. ನಮ್ಮಲ್ಲಿ ಪ್ರಮಾಣಪತ್ರ ಕೊಟ್ಟರೆ ಕಡಿಮೆಯಾದ ಹಾಜರಿ ಮನ್ನಾ ಆಗುತ್ತದೆ ಎಂಬ ಭಾವನೆ ಇದೆ. ಆಸ್ಟ್ರೇಲಿಯಾದ ಇಂಗ್ಲಿಷ್ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಕಾಯಿಲೆಯಿಂದ ತಪ್ಪಿದ ಗಂಟೆಯೂ ಗೈರುಹಾಜರಿಯೇ. ಪ್ರಮಾಣಪತ್ರ ಕೊಟ್ಟ ಮಾತ್ರಕ್ಕೆ ಅದು ಹಾಜರಿಯಾಗಿ ಬದಲಾಗುವುದಿಲ್ಲ. ಹಾಗಾದರೆ ಆ ಕಾಗದದಿಂದ ಏನು ಪ್ರಯೋಜನ? ಹಾಜರಿ ಶೇ. 80ಕ್ಕಿಂತ ಕೆಳಗಿಳಿದು, ಶೇ. 70ಕ್ಕಿಂತ ಮೇಲಿದ್ದಾಗ ಅದು ಕೆಲಸಕ್ಕೆ ಬರುತ್ತದೆ. ಆ ನಡುವಿನ ಜಾಗದಲ್ಲಿರುವ ವಿದ್ಯಾರ್ಥಿಗೆ ಕರುಣೆ ತೋರಬೇಕಾದ ಅಥವಾ ಅನಿವಾರ್ಯವಾದ ಕಾರಣವಿತ್ತು ಎಂಬುದಕ್ಕೆ ನಿಜವಾದ ಪುರಾವೆ ಇದ್ದರೆ, ಆತನ ವಿಷಯವನ್ನು ಸರ್ಕಾರಕ್ಕೆ ವರದಿ ಮಾಡದೆ ಇರುವ ಅಧಿಕಾರ ಕಾಲೇಜಿಗಿದೆ. ಶೇ. 70ಕ್ಕಿಂತ ಕೆಳಗೆ ಹೋದವನಿಗೆ ಆ ಬಾಗಿಲೂ ಮುಚ್ಚುತ್ತದೆ. ತರಗತಿಗೆ ಬರಲಾಗದಷ್ಟು ತೀವ್ರವಾದ ಕಾಯಿಲೆ ಅಥವಾ ಗಾಯ, ತಂದೆತಾಯಿ ಅಥವಾ ಅಜ್ಜ ಅಜ್ಜಿಯಂತಹ ಹತ್ತಿರದವರ ಸಾವು, ತಾಯ್ನಾಡಿನಲ್ಲಿ ಒಮ್ಮೆಲೇ ಹೊರಟುಬರಬೇಕಾಗುವಂತಹ ಪ್ರಕೃತಿ ವಿಕೋಪ, ದೊಡ್ಡ ಅಪಘಾತದಂತಹ ಆಘಾತ, ವೀಸಾ ತಡವಾಗಿ ಬಂದು ಸಮಯಕ್ಕೆ ಸೇರಲಾಗದಿರುವುದು ಇವನ್ನು ಅಂತಹ ಕಾರಣಗಳೆಂದು ಪರಿಗಣಿಸುತ್ತಾರೆ. ಒಡಹುಟ್ಟಿದವರ ಲಗ್ನ ಇವುಗಳ ಸಾಲಿಗೆ ಸೇರುವುದಿಲ್ಲ. ನಮ್ಮ ಮನಸ್ಸಿಗೆ ಇದು ಕಠಿಣವೆನಿಸಬಹುದು. ಆದರೆ ಲಗ್ನದ ತಾರೀಖು ಮುಂಚೆಯೇ ಗೊತ್ತಿರುತ್ತದೆ, ಕಾಯಿಲೆಯೂ ಸಾವೂ ಹೇಳಿ ಬರುವುದಿಲ್ಲ ಎಂಬ ವ್ಯತ್ಯಾಸವನ್ನು ಅವರು ನೋಡುತ್ತಾರೆ.

ಇಲ್ಲಿಯ ವೈದ್ಯರಿಂದ ಕಾಗದ ತರಿಸುವ ವಿಚಾರ ಇದಕ್ಕಿಂತ ಬೇರೆಯಾದುದು. ರೋಗಿ ಮೆಲ್ಬರ್ನ್‌ನಲ್ಲಿದ್ದಾಗ ಆಳಂದದ ವೈದ್ಯರು ಆತನನ್ನು ಪರೀಕ್ಷಿಸಿರಲು ಸಾಧ್ಯವಿಲ್ಲ. ಲಗ್ನಕ್ಕೆಂದು ಬಂದು, ಇಲ್ಲಿ ಜ್ವರದಿಂದ ಮಲಗಿದ್ದೆನೆಂದು ಬರೆಸಿಕೊಂಡು ಹೋದರೆ ಅದು ಸುಳ್ಳು. ಕಾಲೇಜಿನವರು ವೈದ್ಯರನ್ನು ಸಂಪರ್ಕಿಸಿ ವಿಚಾರಿಸಬಹುದು, ದೇಶ ಬಿಟ್ಟ ದಿನ ಮತ್ತು ಮರಳಿದ ದಿನ ವಲಸೆ ಇಲಾಖೆಯ ದಾಖಲೆಯಲ್ಲಿ ಇದ್ದೇ ಇರುತ್ತದೆ. ಹಾಜರಿ ಕಡಿಮೆಯಾದರೆ ಅದನ್ನು ತಿದ್ದಿಕೊಳ್ಳಲು ದಾರಿಗಳಿವೆ. ಸುಳ್ಳು ದಾಖಲೆ ಕೊಟ್ಟವನೆಂಬ ಹೆಸರು ಬಂದರೆ ಮುಂದಿನ ಪ್ರತಿಯೊಂದು ಅರ್ಜಿಯಲ್ಲೂ ಆತನ ಮಾತಿಗೆ ಬೆಲೆ ಇರುವುದಿಲ್ಲ. ನೀವು ಮಗನ ಮೇಲಿನ ಪ್ರೀತಿಯಿಂದಲೇ ಇದನ್ನು ಕೇಳಿದ್ದೀರಿ ಎಂದು ಬಲ್ಲೆ. ಆದರೂ ಈ ಒಂದು ವಿಷಯದಲ್ಲಿ ಮೃದುವಾಗಿ ಹೇಳಲು ನನ್ನಿಂದಾಗದು.

ನಿಜವಾಗಿ ಬಂದುಹೋದ ಜ್ವರಕ್ಕೆ ಮಾತ್ರ ಕಾಗದ ಇರಲೇಬೇಕು. ವಿದ್ಯಾರ್ಥಿ ವೀಸಾ ಪಡೆಯಲು ಆತ ಆರೋಗ್ಯ ವಿಮೆ ಮಾಡಿಸಿಯೇ ಹೋಗಿದ್ದಾನೆ. ಸಾಮಾನ್ಯ ವೈದ್ಯರ ಭೇಟಿಯ ಖರ್ಚಿನ ಬಹುಪಾಲು ಅದರಿಂದ ಸಿಗುತ್ತದೆ. ಆದರೂ ನಮ್ಮ ಮಕ್ಕಳು ದುಡ್ಡು ಉಳಿಸಲು ಕೋಣೆಯಲ್ಲೇ ಮಲಗಿ, ಊರಿನಿಂದ ತಂದ ಮಾತ್ರೆ ನುಂಗಿ ಸುಧಾರಿಸಿಕೊಳ್ಳುತ್ತಾರೆ. ನಂತರ ಪುರಾವೆ ಕೇಳಿದಾಗ ಅವರ ಕೈಯಲ್ಲಿ ಏನೂ ಇರುವುದಿಲ್ಲ. ಕಾಯಿಲೆ ಬಿದ್ದ ದಿನವೇ ಅಲ್ಲಿಯ ವೈದ್ಯರನ್ನು ಕಂಡು, ಇಂತಹ ದಿನದಿಂದ ಇಂತಹ ದಿನದವರೆಗೆ ತರಗತಿಗೆ ಹೋಗಲಾಗದು ಎಂದು ಬರೆಸಿಕೊಂಡು, ಅಂದೇ ಕಾಲೇಜಿಗೆ ಕಳಿಸುವ ರೂಢಿ ಮಾಡಿಕೊಳ್ಳಲಿ. ಕಳೆದ ಬಾರಿ ವೈದ್ಯರನ್ನು ಕಂಡಿದ್ದರೆ ಆ ಚೀಟಿಯನ್ನು ಈಗಲಾದರೂ ಕಡತಕ್ಕೆ ಸೇರಿಸಲಿ.

ಮೊದಲ ವಾರದ 20 ಗಂಟೆಗಳ ಬಗ್ಗೆ ನನಗೆ ಸ್ವಲ್ಪ ಭರವಸೆ ಇದೆ. ವೀಸಾ ತಡವಾಗಿ ಬಂದದ್ದು ಆತನ ತಪ್ಪಲ್ಲ, ಮಂಜೂರಾತಿ ಪತ್ರದ ಮೇಲೆ ತಾರೀಖು ಇದೆ. ಆ ಪತ್ರವನ್ನೂ ವಿಮಾನದ ಟಿಕೆಟನ್ನೂ ಲಗತ್ತಿಸಿ, ಪ್ರವೇಶ ದೃಢೀಕರಣ ಪತ್ರದಲ್ಲಿ, ಅಂದರೆ ಅವರು ‘ಸಿಒಇ’ ಎನ್ನುವ ದಾಖಲೆಯಲ್ಲಿ, ಕೋರ್ಸು ಆರಂಭವಾದ ದಿನವನ್ನು ತಿದ್ದಿಕೊಡಲು ಸಾಧ್ಯವೇ ಎಂದು ಆತ ಕಾಲೇಜಿಗೆ ಬರೆಯಲಿ. ಒಪ್ಪಿದರೆ ಗೈರುಹಾಜರಿ 18 ಗಂಟೆಗೆ ಇಳಿಯುತ್ತದೆ. ಒಪ್ಪದಿದ್ದರೂ ಆ ಅರ್ಜಿ ಕಡತದಲ್ಲಿ ಉಳಿಯುತ್ತದೆ, ಮುಂದೆ ಎಂದಾದರೂ ಹಾಜರಿ ಶೇ. 80ಕ್ಕಿಂತ ಇಳಿದರೆ ಕೆಲಸಕ್ಕೆ ಬರುತ್ತದೆ. ಕೋರ್ಸನ್ನು ಹತ್ತು ಹತ್ತು ವಾರಗಳ ಎರಡು ಭಾಗವಾಗಿ ನಡೆಸುತ್ತಿದ್ದರೆ, ಹಾಜರಿಯನ್ನು ಒಟ್ಟಾಗಿ ಎಣಿಸುತ್ತಾರೋ ಪ್ರತಿ ಭಾಗಕ್ಕೆ ಬೇರೆಯಾಗಿ ಎಣಿಸುತ್ತಾರೋ ಎಂಬುದನ್ನೂ ಅದೇ ಪತ್ರದಲ್ಲಿ ಕೇಳಿಬಿಡಲಿ. ಬೇರೆಯಾಗಿ ಎಣಿಸುವುದಾದರೆ 200 ಗಂಟೆಗೆ 40 ಗಂಟೆಯಷ್ಟೇ ಅವಕಾಶ, ಅದರಲ್ಲಿ 38 ಈಗಾಗಲೇ ಮುಗಿದಿವೆ, ಆಗ ನಾನು ಮೇಲೆ ಹಾಕಿದ ಲೆಕ್ಕವೇ ಬದಲಾಗುತ್ತದೆ. ಈ ಉತ್ತರ ಕೈಗೆ ಬರುವವರೆಗೆ ಟಿಕೆಟ್ ಕೊಳ್ಳಬೇಡಿ.

ಒಟ್ಟಾಗಿಯೇ ಎಣಿಸುತ್ತಾರೆಂದಾದರೆ ಲಗ್ನದ ಪ್ರಯಾಣವನ್ನು ಹೀಗೆ ಯೋಜಿಸಿ. ಆತ ಶುಕ್ರವಾರ ಕೊನೆಯ ತರಗತಿ ಮುಗಿಸಿಕೊಂಡು ಹೊರಡಲಿ. ಹೈದರಾಬಾದಿನ ಶಂಷಾಬಾದ್ ವಿಮಾನ ನಿಲ್ದಾಣದವರೆಗೆ ನೀವೇ ಗಾಡಿ ಕಳಿಸಿದರೆ ಶನಿವಾರ ಅಥವಾ ಭಾನುವಾರ ಮನೆ ಸೇರಬಹುದು. ಲಗ್ನ ವಾರದ ನಡುವೆ ಇದ್ದರೆ ಅರಿಶಿಣ, ದೇವರ ಕಾರ್ಯ, ಅಕ್ಷತೆ, ಬೀಗರನ್ನು ಬೀಳ್ಕೊಡುವುದು ಎಲ್ಲಕ್ಕೂ ಇದ್ದು, ಮರಳಿ ಮುಂದಿನ ಸೋಮವಾರದ ತರಗತಿಗೆ ಕೂರಬಹುದು. ತಪ್ಪುವುದು 20 ಗಂಟೆ. 38ಕ್ಕೆ 20 ಸೇರಿ 58, ಹಾಜರಿ ಶೇ. 85.5. ಮುಂದೆ ಕಾಯಿಲೆ ಕಸಾಲೆಗೆಂದು 22 ಗಂಟೆ ಆತನ ಕೈಯಲ್ಲಿ ಉಳಿಯುತ್ತವೆ. ಟಿಕೆಟಿಗೆ ಮುಂಚೆ ಆ ವಾರದಲ್ಲಿ ಪರೀಕ್ಷೆಯಿಲ್ಲವೆಂದು ಖಚಿತಪಡಿಸಿಕೊಂಡು, ಲಗ್ನಪತ್ರಿಕೆಯ ಪ್ರತಿಯೊಂದಿಗೆ ರಜೆಯನ್ನು ಲಿಖಿತವಾಗಿ ಕೇಳಲಿ. ರಜೆ ಒಪ್ಪಿದರೂ ಗಂಟೆಗಳು ಗೈರೆಂದೇ ಬರೆಯಲ್ಪಡಬಹುದು. ಹೇಳಿ ಹೋದವನಿಗೂ ಹೇಳದೆ ಹೋದವನಿಗೂ ಕಾಲೇಜಿನ ಕಣ್ಣಿನಲ್ಲಿ ವ್ಯತ್ಯಾಸವಿದೆ ಎಂಬ ಕಾರಣಕ್ಕೇ ಕೇಳಬೇಕು.

ಇನ್ನೊಂದು ಸಣ್ಣ ಸಂಗತಿ ನಿಮ್ಮ ಮನೆಯ ಕೈಯಲ್ಲಿದೆ. ಮೆಲ್ಬರ್ನ್ ನಮಗಿಂತ ನಾಲ್ಕೂವರೆ ಗಂಟೆ ಮುಂದಿದೆ. ಅಕ್ಟೋಬರಿನಿಂದ ಏಪ್ರಿಲ್ ಆರಂಭದವರೆಗೆ ಐದೂವರೆ ಗಂಟೆ. ನೀವು ರಾತ್ರಿ ಊಟ ಮುಗಿಸಿ ಹತ್ತು ಗಂಟೆಗೆ ಮಗನಿಗೆ ಫೋನ್ ಮಾಡಿದರೆ ಅಲ್ಲಿ ನಡುರಾತ್ರಿ ಎರಡೂವರೆ ಅಥವಾ ಮೂರೂವರೆ. ಲಗ್ನದ ಮನೆಯಲ್ಲಿ ಮಾತು ಬೇಗ ಮುಗಿಯುವುದಿಲ್ಲ, ಬೆಳಿಗ್ಗೆ ಆತ ಎದ್ದು ತರಗತಿ ಸೇರುವುದು ತಡವಾಗುತ್ತದೆ. ನಮ್ಮ ಮಧ್ಯಾಹ್ನ ಮೂರು ಗಂಟೆಯ ಸುಮಾರಿಗೆ ಮಾತನಾಡುವ ರೂಢಿ ಇಟ್ಟುಕೊಳ್ಳಿ. ಕೆಲಸದ ವಿಷಯವೂ ಹಾಗೆಯೇ. ಕೋರ್ಸು ನಡೆಯುವಾಗ ಎರಡು ವಾರಕ್ಕೆ 48 ಗಂಟೆ ದುಡಿಯಲು ವೀಸಾ ಅನುಮತಿಸುತ್ತದೆ, ಆದರೆ ರಾತ್ರಿ ಪಾಳಿ ಮಾಡಿ ಬೆಳಿಗ್ಗೆ ತರಗತಿ ತಪ್ಪಿಸಿದರೆ ಅದನ್ನು ಯಾರೂ ಕಾರಣವೆಂದು ಒಪ್ಪುವುದಿಲ್ಲ.

ಒಂದು ವೇಳೆ ಶೇ. 80 ತಲುಪಲು ಇನ್ನು ಸಾಧ್ಯವೇ ಇಲ್ಲ ಎಂಬ ಸ್ಥಿತಿ ಬಂದರೆ, ಕಾಲೇಜು ಮೊದಲು ವರದಿ ಮಾಡುವ ಉದ್ದೇಶವನ್ನು ಲಿಖಿತವಾಗಿ ತಿಳಿಸಬೇಕು. ಅದಾದ ಮೇಲೆ ಆಂತರಿಕ ಮೇಲ್ಮನವಿ ಸಲ್ಲಿಸಲು ವಿದ್ಯಾರ್ಥಿಗೆ 20 ಕೆಲಸದ ದಿನಗಳ ಅವಕಾಶವಿದೆ. ಅಲ್ಲಿ ನ್ಯಾಯ ಸಿಗಲಿಲ್ಲವೆನಿಸಿದರೆ, ಖಾಸಗಿ ಇಂಗ್ಲಿಷ್ ಕಾಲೇಜಿನ ವಿದ್ಯಾರ್ಥಿ ಕಾಮನ್‌ವೆಲ್ತ್ ಒಂಬುಡ್ಸ್‌ಮನ್ ಕಚೇರಿಗೆ, ಅಂದರೆ ದೂರುಗಳನ್ನು ವಿಚಾರಿಸುವ ಸರ್ಕಾರಿ ಸಂಸ್ಥೆಗೆ, ಶುಲ್ಕವಿಲ್ಲದೆ ದೂರು ಕೊಡಬಹುದು. ಮೇಲ್ಮನವಿ ನಡೆಯುವಾಗ ಆತನ ಪ್ರವೇಶವನ್ನು ಕಾಲೇಜು ಉಳಿಸಿಕೊಂಡಿರಬೇಕು, ಆತನೂ ತರಗತಿಗೆ ಹೋಗುತ್ತಲೇ ಇರಬೇಕು. ಆ 20 ದಿನಗಳನ್ನು ಸುಮ್ಮನೆ ಕಳೆದುಕೊಳ್ಳುವುದಕ್ಕಿಂತ ದೊಡ್ಡ ತಪ್ಪು ಇನ್ನೊಂದಿಲ್ಲ. ವರದಿಯಾದರೆ ಗೃಹ ವ್ಯವಹಾರಗಳ ಇಲಾಖೆ ವೀಸಾ ರದ್ದತಿಯನ್ನು ಪರಿಶೀಲಿಸಬಹುದು. ಇಂಗ್ಲಿಷ್ ಕೋರ್ಸು ಮುರಿದುಬಿದ್ದರೆ, ಅದರ ಮೇಲೆ ನಿಂತಿರುವ ಸ್ನಾತಕೋತ್ತರ ಪ್ರವೇಶವೂ ಅಲುಗಾಡುತ್ತದೆ.

ಕಿರಿಯ ಮಗಳ ವಿಷಯ. ಅಮೆರಿಕದ ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಇಂಗ್ಲಿಷ್ ಕಲಿಯುವವರು ವಾರಕ್ಕೆ ಕನಿಷ್ಠ 18 ಗಂಟೆ ತರಗತಿಯ ಪಾಠಕ್ಕೆ ಹಾಜರಾಗಬೇಕು. ಕೋರ್ಸಿನ ಬಹುಭಾಗ ಪ್ರಯೋಗಾಲಯದ ಅಭ್ಯಾಸವಾಗಿದ್ದರೆ 22 ಗಂಟೆ. ಭಾಷಾ ಕೋರ್ಸಿನಲ್ಲಿ ಆನ್‌ಲೈನ್ ಪಾಠ ಈ ಲೆಕ್ಕಕ್ಕೆ ಸೇರುವುದಿಲ್ಲ. ಕಾಯಿಲೆಯಿಂದ ಗಂಟೆಗಳನ್ನು ಕಡಿಮೆ ಮಾಡಿಕೊಳ್ಳಬೇಕಾದರೆ, ವೈದ್ಯರ ಪತ್ರದೊಂದಿಗೆ ಕಾಲೇಜಿನ ನಿಯುಕ್ತ ಅಧಿಕಾರಿಯ ಅನುಮತಿಯನ್ನು ಮೊದಲೇ ಪಡೆಯಬೇಕು, ಆಮೇಲೆ ಕೇಳುವ ಮಾತಿಲ್ಲ. ಐರ್ಲೆಂಡಿನಲ್ಲಿ ವಾರಕ್ಕೆ 15 ಗಂಟೆ, 25 ವಾರಗಳ ಪಾಠ, ಮತ್ತು ಶೇ. 85ರ ಹಾಜರಿ. ವಾಸದ ಅನುಮತಿಯನ್ನು ನವೀಕರಿಸುವಾಗ ಆ ಹಾಜರಿಯನ್ನು ನೋಡುತ್ತಾರೆ. 25 ವಾರಕ್ಕೆ 375 ಗಂಟೆಯೆಂದರೆ ಆಕೆ ತಪ್ಪಿಸಬಹುದಾದದ್ದು 56 ಗಂಟೆ ಮಾತ್ರ. ಅಣ್ಣನಿಗಿರುವಷ್ಟು ಸಡಿಲವೂ ಆಕೆಗಿರುವುದಿಲ್ಲ. ಶುಲ್ಕ ಕಟ್ಟುವ ಮೊದಲು ಕಾಲೇಜಿನ ಹಾಜರಿ ನಿಯಮ ಮತ್ತು ರಜಾ ನಿಯಮ ಎರಡನ್ನೂ ಬರಹದಲ್ಲಿ ತರಿಸಿಕೊಳ್ಳಿ, ವೀಸಾ ತಡವಾದರೆ ಆರಂಭದ ದಿನವನ್ನು ಮುಂದೂಡುತ್ತಾರೆಯೇ ಎಂದು ಕೇಳಿ, ಮತ್ತು ಮನೆಯಲ್ಲಿ ಆಕೆ ಇರಲೇಬೇಕಾದ ಯಾವ ಶುಭಕಾರ್ಯವೂ ಕೋರ್ಸಿನ ನಡುವೆ ಬೀಳದಂತೆ ಸೇರುವ ತಿಂಗಳನ್ನು ಆರಿಸಿಕೊಳ್ಳಿ.